ಎರಡನೇ ಸದ್ದು

ಸಾರಿವಾರ ಗ್ರಾಮ
೮ ಜನವರಿ ೧೯೫೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸಂಜೆ ಹೊತ್ತು ಜ್ವರ ಈಗಲೂ ಏರುತ್ತದಾ? ಕಂಬಳಿ ಸುತ್ತಿ ತೆರೆದ ಜಗುಲಿಯಲ್ಲಿ ಮಲಗಿಸುತ್ತಾರೆ ಅಂತ ಬರೆದಿದ್ದೆಯಲ್ಲ, ಈ ಜನವರಿ ಚಳಿಯಲ್ಲಿ ಅದೇ ಚಿಕಿತ್ಸೆಯನ್ನು ನಾವು ನಮ್ಮ ಹಸುವಿಗೆ ಕೊಟ್ಟಿದ್ದರೆ ಊರವರು ನಮ್ಮನ್ನು ಪಾದ್ರಿಗಳ ಮುಂದೆ ನಿಲ್ಲಿಸುತ್ತಿದ್ದರು. ಹಾಲು ಕುಡಿ. ಮೊಟ್ಟೆ ಕೊಟ್ಟರೆ ನೀನೇ ತಿನ್ನು, ಪಕ್ಕದ ಮಂಚದ ಹುಡುಗಿಗೆ ದಾನ ಮಾಡಬೇಡ. ಅವಳ ನಿದ್ದೆ ಕೆಡಬಾರದು ಅಂತ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮುತ್ತೀನಿ ಅಂತ ಬೇರೆ ಬರೆದಿದ್ದೀಯ. ಅದನ್ನು ಓದಿ ಅಜ್ಜಿ ಕನ್ನಡಕ ತೆಗೆದಿಟ್ಟು, "ಅಲ್ಲೂ ಶುರು ಮಾಡಿದ್ಳಾ ಮಹಾತಾಯಿ!" ಅಂದಳು. ಆಮೇಲೆ ತುಂಬ ಹೊತ್ತು ಕನ್ನಡಕ ಹಾಕಿಕೊಳ್ಳಲಿಲ್ಲ.

ಇನ್ನು ವರದಿ. ತಾವು ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೆ ದಯಮಾಡಿಸಿದ ಮೇಲೆ ತೆರವಾದ ಮದ್ದುಗುಂಡು ಖಾತೆಯನ್ನು ತಮ್ಮ ಮಗಳು ಇರ್ಯಾ, ವಯಸ್ಸು ಹದಿನೇಳು, ನಡತೆ ಅಜ್ಜಿಯ ಪ್ರಕಾರ ಕೋತಿಯದು, ಹಂಗಾಮಿಯಾಗಿ ವಹಿಸಿಕೊಂಡಿರುವುದು ಸರಿಯಷ್ಟೆ. ಸದರಿ ಹಂಗಾಮಿ ಮುಖ್ಯಸ್ಥೆಯು ತಾತನ ಮೀನುಬಲೆಯ ಸೀಸದ ಗುಂಡುಗಳನ್ನು ಹಳೇ ಗಂಜಿ ಪಾತ್ರೆಯಲ್ಲಿ ಕರಗಿಸಿ, ಮೇಲೆ ಕಟ್ಟಿದ ಕಸ ತೆಗೆದು, ನಿನ್ನ ಸೌಟಿನಿಂದಲೇ ಅಚ್ಚಿಗೆ ಹುಯ್ದಳು. ಅಚ್ಚು ಕಾಯುವ ಮುಂಚೆ ಹುಯ್ದದ್ದಕ್ಕೆ ಮೊದಲ ಗುಂಡುಗಳೆಲ್ಲ ಸುಕ್ಕುಸುಕ್ಕಾಗಿ ಬಂದವು. "ಥೇಟ್ ಅಜ್ಜಿ ಕೆನ್ನೆ" ಅಂತ ಬಾಯಿ ತಪ್ಪಿ ಅಂದೆ. ಮುಖ್ಯಸ್ಥೆಯ ಬೆನ್ನಿಗೆ ಪೊರಕೆ ಬಿತ್ತು. ಸುಕ್ಕಿನವನ್ನು ಮತ್ತೆ ಪಾತ್ರೆಗೆ ಹಾಕಿದೆ. ನಂತರದವು ನುಣ್ಣಗೆ, ನಿನ್ನ ಕೈಯವೇ ಅನ್ನುವ ಹಾಗೆ ಬಂದವು. ಅಪ್ಪ ಒಂದನ್ನು ಬೆರಳಲ್ಲಿ ಉರುಳಿಸಿ ನೋಡಿ ಜೇಬಿಗೆ ಹಾಕಿಕೊಂಡ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪದಕ ಇಲ್ಲವಲ್ಲ.

ಅಮ್ಮಾ, ಈಚೆಗೆ ನಾನು ಒಂದು ವಿಷಯ ಯೋಚಿಸುತ್ತಿರುತ್ತೇನೆ. ಯುದ್ಧದಿಂದ ಅಪ್ಪ ವಾಪಸು ಬಂದ ವರ್ಷ ನೀನು ಈ ಮನೆಯ ಸದ್ದುಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ಬಾಗಿಲ ಚೌಕಟ್ಟಿಗೆ ಉಣ್ಣೆ ಬಟ್ಟೆ ಹೊಡೆದೆ. ಹಸುವಿನ ಗಂಟೆಯೊಳಗೆ ಹುಲ್ಲು ತುರುಕಿದೆ. ತಟ್ಟೆ ತೊಳೆಯುವ ತೊಟ್ಟಿಯ ತಳಕ್ಕೆ ಹಳೇ ಚೀಲ ಹಾಸಿದೆ. ನನ್ನ ಬಾಯಿಗೆ ಮಾತ್ರ ಏನೂ ತುರುಕಲು ಆಗಲಿಲ್ಲ. ಬಾಗಿಲು ಧಡಾರ್ ಅಂದರೆ ಮೇಜಿನ ಕೆಳಗೆ ಹೋಗುವ ಮನುಷ್ಯ, ಈ ಕಾಡಂಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಇಡುವವನೂ ಅವನೇ. ಕೋವಿ ಮುಟ್ಟದೆ ಹೋದರೆ ಚಳಿಗಾಲದ ಬಾಣಲೆಗೆ ಮಾಂಸವಿಲ್ಲ. ಆಗ ನೀನು ಚಿಟಿಕೆ ಮದ್ದು, ಮೆತ್ತನೆ ಸೀಸ, ಒಂದು ಎಳೆ ಉಣ್ಣೆ ಸೇರಿಸಿ ಆ ಮೆಲುತೋಟಾ ಮಾಡಿದೆ. ಬೆಕ್ಕು ಸೀನಿದಷ್ಟೇ ಸದ್ದು. ಒಂದು ಕಾಡುಕೋಳಿ ಬಿದ್ದರೆ ಪಕ್ಕದ ಕೊಂಬೆಯದು ಕತ್ತು ಕೊಂಕಿಸಿ ಏನಾಯ್ತು ಅಂತ ನೋಡುತ್ತಿತ್ತು.

ಎರಡು ಸದ್ದು ಕೇಳಬೇಕು ಅಂತ ನೀನೇ ಹೇಳಿಕೊಟ್ಟದ್ದು. ಕೋವಿಯ ಬಾಯಿಂದ 'ಉಸ್', ಆಮೇಲೆ ದೂರದಿಂದ 'ಟಕ್'. ಮೊದಲನೆಯದು ಹೊರಟಿತು ಅಂತ, ಎರಡನೆಯದು ಮುಟ್ಟಿತು ಅಂತ. ಎರಡನೆಯದು ಕೇಳದಿದ್ದರೆ ಮುಂದಿನ ಈಡು ಹೊಡೆಯಕೂಡದು. ಬಲ ಸಾಲದ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿದ್ದರೆ, ಹಿಂದೆ ಬರುವ ಗುಂಡು ಅದಕ್ಕೆ ಬಡಿದು ಕೋವಿಯೇ ಸೀಳುತ್ತದೆ. ಅದಕ್ಕೇ ಅಪ್ಪ ಪ್ರತಿ ಈಡಿನ ಮೇಲೂ ಒಂದು ಕೈ ಎತ್ತಿ, ಉಸಿರು ಹಿಡಿದು, 'ಟಕ್' ಕೇಳುವ ತನಕ ಕಂಬದ ಹಾಗೆ ನಿಲ್ಲುತ್ತಾನೆ. ಚಿಕ್ಕವಳಾಗಿದ್ದಾಗ ನಾನು ಅವನ ಹಿಂದೆಯೇ ಕೈ ಎತ್ತಿ ನಿಂತು ಅಣಕಿಸುತ್ತಿದ್ದೆ, ನೆನಪಿದೆಯಾ?

ಸದ್ದುಗಳನ್ನೆಲ್ಲ ಆರಿಸಿದವಳು ಕೊನೆಗೆ ನಿನ್ನ ಕೆಮ್ಮನ್ನೂ ಆರಿಸಿದೆ. ಎರಡು ಚಳಿಗಾಲ. ಅಪ್ಪ ಬೆಚ್ಚಬಾರದು ಅಂತ ಕೊಟ್ಟಿಗೆ ಹಿಂದೆ ಹೋಗಿ ಏಪ್ರನ್ ಬಾಯಿಗೆ ತುರುಕಿ ಕೆಮ್ಮುತ್ತಿದ್ದೆ. "ಸೊಸೆ ಹಿತ್ತಲಲ್ಲಿ ತೋಟಾ ಪರೀಕ್ಷೆ ಮಾಡ್ತಿದಾಳೆ, ಈ ಸಲ ಮದ್ದು ಒಳ್ಳೇದು, ಸದ್ದೇ ಇಲ್ಲ" ಅಂತ ಅಜ್ಜಿ ಅಂದಳು. ನಾವು ಮೂವರೂ ಹೌದು ಅಂದುಕೊಂಡೆವು. ಏಪ್ರನ್ ಮೇಲೆ ರಕ್ತ ಕಂಡ ದಿನ ಡಾಕ್ಟರು, "ಒಂದು ವರ್ಷ ಮುಂಚೆ ಕರೆತರಬಾರದಿತ್ತಾ?" ಅಂದರು.

ಇರಲಿ. ಮುಖ್ಯ ವಿಷಯಕ್ಕೆ ಬರುತ್ತೇನೆ. ಜನವರಿ ಹನ್ನೆರಡರ ಗುರುವಾರ ಪಕ್ಕೆಲುಬು ತೆಗೆದು ಶ್ವಾಸಕೋಶ ಕುಗ್ಗಿಸುವ ಆಪರೇಷನ್ನು ಮಾಡುತ್ತಾರೆ ಅಂತ ನೀನು ನವೆಂಬರಿನಲ್ಲಿ ಬರೆದೆ. ಎದ್ದು ಬರುವವರು ಅರ್ಧ ಜನ ಅಂತಲೂ ಬರೆದೆ. ಆಮೇಲೆ ಆ ಒಂದು ಸಾಲು. 'ಅದಕ್ಕೆ ಮುಂಚೆ ನಿನ್ನಪ್ಪ ಹೈಮೋನ ಮುಖ ಒಂದು ಸಲ ನೋಡಬೇಕು ಅನ್ನಿಸಿದೆ, ರೈಲು ಅವನ ಕೈಲಿ ಆಗದಿದ್ದರೆ ಬೇಡ.' ಅಪ್ಪ ಆ ಪತ್ರ ತಾನೇ ಓದಿ, ಮಡಚಿ, ಸೌದೆ ಕೆಲಸಕ್ಕೆ ಹೋದ. ಈಗ ಸೌದೆಯನ್ನೂ ಗರಗಸದಲ್ಲೇ ಕೊಯ್ಯುತ್ತಾನೆ, ಕೊಡಲಿ ಸದ್ದು ಆಗುವುದಿಲ್ಲ.

ನಾನು ಬರಲಾ ಅಂದರೆ ಹದಿನೆಂಟು ತುಂಬದವರನ್ನು ವಾರ್ಡಿಗೆ ಬಿಡುವುದಿಲ್ಲವಂತೆ. "ಅವಳು ಕರೆದಿರೋದು ನಿನ್ನನ್ನಲ್ಲ ಕಣೇ, ಬಾಯಿ ಮುಚ್ಚು" ಅಂದಳು ಅಜ್ಜಿ.

ಬಾಯಿ ಮುಚ್ಚಿಕೊಂಡು ಒಂದು ಯೋಜನೆ ಹಾಕಿದೆ. ಅಪ್ಪನ ತೋಟಾ ಡಬ್ಬಿಯಲ್ಲಿ ಸಾಲು ಸಾಲಾಗಿ ಜೋಡಿಸುವವಳು ನಾನೇ ತಾನೆ? ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಕೂದಲೆಳೆ ಜೋರು. ಕ್ರಿಸ್‌ಮಸ್ ದಾಟುವ ಹೊತ್ತಿಗೆ ಅಪ್ಪನ ಕಿವಿ ತನಗೆ ಗೊತ್ತಿಲ್ಲದೆಯೇ ರೈಲಿಗೆ ಸಿದ್ಧ! ಸಾಲುಗಳಿಗೆ ಹೆಸರಿಟ್ಟು ಅಜ್ಜಿಯ ಮುಂದೆ ಘನಗಂಭೀರವಾಗಿ ಓದಿದೆ. ಮೊದಲನೆಯದು ಬೆಕ್ಕಿನ ಸೀನು. ಎರಡನೆಯದು ಬಸುರಿ ಬೆಕ್ಕಿನ ಸೀನು. ಮೂರನೆಯದು ಪೂಜೆಯ ನಡುವೆ ಪಾದ್ರಿಗಳ ಸೀನು. ನಾಲ್ಕನೆಯದು ಪಾದ್ರಿಗಳ ಹೆಂಡತಿಯ ಸೀನು. ಕಡೆಯದು ಹಸುವಿನದು. "ದೇವರ ಮನೆಯವರನ್ನೂ ಬಿಡ್ಲಿಲ್ವಲ್ಲೇ ಕೋತಿ!" ಅಂತ ಬೈದಳು ಅಜ್ಜಿ, ಆದರೆ ತೋಟಾಗಳಿಗೆ ಉಣ್ಣೆ ಎಳೆದು ಕೊಟ್ಟವಳೂ ಅವಳೇ.

ಬಸುರಿ ಬೆಕ್ಕಿನ ವಾರ ಅಪ್ಪ ಒಂದು ಮೊಲ ತಂದ. ಪಾದ್ರಿಗಳ ವಾರ ಬರಿಗೈಲಿ ಬಂದ, ಕಾಫಿ ಬಟ್ಟಲು ಹಿಡಿಯಲಾಗದೆ ತಟ್ಟೆಗೆಲ್ಲ ಚೆಲ್ಲಿಕೊಂಡ. ನಾನು ಹೆದರಿ ನಿಲ್ಲಿಸಬೇಕು ಅಂದುಕೊಂಡೆ. ಮರುದಿನ ನೋಡಿದರೆ ಮತ್ತೆ ಹೋದ, ಅದೇ ಸಾಲಿನಿಂದ ತೆಗೆದುಕೊಂಡು. ಕ್ರಿಸ್‌ಮಸ್ ಹಿಂದಿನ ದಿನ ಸೌನಾ ಹಬೆಸ್ನಾನ ಮುಗಿಸಿ ಮೂವರೂ ಗಂಜಿ ಕುಡಿಯುತ್ತ ಕೂತಿದ್ದಾಗ, ಜೇಬಿಂದ ಖಾಲಿ ತೋಟಾಗಳನ್ನು ತೆಗೆದು ಮೇಜಿನ ಮೇಲೆ ಸದ್ದಾಗದ ಹಾಗೆ ಒಂದೊಂದಾಗಿ ಇಟ್ಟ. ಇಟ್ಟು, ಗಂಜಿಯನ್ನೇ ನೋಡುತ್ತ, "ಪಾದ್ರಿ ಪರವಾಗಿಲ್ಲ. ಹೆಂಡತಿದು ಸ್ವಲ್ಪ ಜೋರಾಯ್ತು" ಅಂದ.

ಅಮ್ಮಾ, ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು! ಅಂಗೈಯಲ್ಲಿಟ್ಟರೆ ತೂಕ ತಿಳಿಯುತ್ತದಂತೆ, ಹೆಸರುಗಳನ್ನು ನಾನು ಅಜ್ಜಿಗೆ ಓದುವಾಗ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದನಂತೆ. ಗೊತ್ತಿದ್ದೂ ಒಬ್ಬನೇ ಕಾಡಿಗೆ ಹೋಗಿ, ಒಂದೊಂದೇ ಹೊಡೆದು, ಹಿಮದಲ್ಲಿ ಮಲಗಿ ನಡುಕ ನಿಲ್ಲುವ ತನಕ ಕಾದು, ಎದ್ದು ಬರುತ್ತಿದ್ದ. ಯುದ್ಧ ಮುಗಿದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಅಜ್ಜಿ ನಗುನಗುತ್ತ ಅತ್ತಳು. ನಾನು ಬಸುರಿ ಬೆಕ್ಕಿನ ಹಾಗೆ ಸೀನಿ ತೋರಿಸಿದೆ. ಆ ಸಂಜೆ ನೀನು ಇರಬೇಕಿತ್ತು.

ಹೊಸ ವರ್ಷದ ಮುನ್ನಾದಿನ ಪ್ರತಿ ವರ್ಷದ ಹಾಗೆ ಆಕಾರದಲ್ಲಿ ಶಕುನ ನೋಡಲು ಲೋಹ ಕರಗಿಸಿ ನೀರಿಗೆ ಹುಯ್ದೆವು. ತವರ ಸಿಗಲಿಲ್ಲ, ಗುಂಡಿನ ಸೀಸವೇ ಗತಿಯಾಯಿತು. ನನ್ನದು ಕಪ್ಪೆಯಾಗಿ ಬಂತು. ಅಜ್ಜಿಯದು ಅಜ್ಜಿಯಾಗಿಯೇ ಬಂತು ಅಂತ ನನ್ನ ಅಭಿಪ್ರಾಯ. ನಿನ್ನ ಪಾಲಿನದನ್ನು ಅಪ್ಪ ಹುಯ್ದ. ನೀರಿಗೆ ಬಿದ್ದಕೂಡಲೇ ಚುಂಯ್ ಅಂತ ಎರಡು ಹೋಳಾಯಿತು. ಅಜ್ಜಿ ತಡವರಿಸದೆ, "ಎರಡು ಪ್ರಯಾಣ! ಒಬ್ರು ಹೋಗೋದು, ಇಬ್ರು ಬರೋದು" ಅಂದಳು. ಅಪ್ಪ ಒಂದು ಹೋಳು ಜೇಬಿಗೆ ಹಾಕಿಕೊಂಡ. ಇನ್ನೊಂದು ಕಿಟಕಿಯ ಮೇಲಿದೆ, ನಿನ್ನ ಹಳೇ ಹೊಲಿಗೆಯ ಬೆರಳುಟೋಪಿ ಪಕ್ಕ.

ನಿನ್ನೆ ಶನಿವಾರ ಅಪ್ಪನನ್ನು ರೈಲು ಹತ್ತಿಸಲು ನಾನೂ ಜೊತೆಗೆ ಸ್ಟೇಷನ್ನಿಗೆ ಹೊರಟೆ. ಅಪ್ಪ ಮದುವೆಯ ಕೋಟು ಹಾಕಿದ್ದ. ಅಜ್ಜಿ ಹೆಣೆದ ಹೊಸ ಕಾಲುಚೀಲ, ನಿನಗೆ ಅಂತ ಒಂದು ಹಿಡಿ ನಿಜವಾದ ಕಾಫಿಬೀಜ, ಕಿವಿಗೆ ತೋಟಾಕ್ಕೆ ಬಳಸುವ ಅದೇ ಉಣ್ಣೆ. ರೈಲಿನ ಸಿಳ್ಳು ದೂರದಿಂದ ಕೇಳಿತು. ಅಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನಿಂತೇ ಇದ್ದ. ಎಂಜಿನ್ನು ನಮ್ಮ ಮುಂದೆ ಹಾದುಹೋಯಿತು, ಆಗಲೂ ನಿಂತೇ ಇದ್ದ. ನಾನು ಮನಸ್ಸಲ್ಲೇ ಪಾದ್ರಿಗಳ ಹೆಂಡತಿಗೆ ಕೈಮುಗಿದೆ. ಆದರೆ ರೈಲು ನಿಲ್ಲುವಾಗ ಡಬ್ಬಿಗೆ ಡಬ್ಬಿ ಬಡಿಯುತ್ತದಲ್ಲ, ಆ ಕೊನೆಯಿಂದ ಈ ಕೊನೆಗೆ ಸಾಲಾಗಿ, ಅದನ್ನು ನಾನು ಯಾವ ಸಾಲಿನಲ್ಲೂ ಇಟ್ಟಿರಲಿಲ್ಲ.

ಅಪ್ಪ ಓಡಲಿಲ್ಲ ಅಮ್ಮಾ. ನನ್ನನ್ನು ಎಳೆದು ಸೌದೆ ರಾಶಿಯ ಹಿಂದೆ ಹಿಮದಲ್ಲಿ ಕೆಡವಿ, ಮೇಲೆ ತಾನು ಮಲಗಿದ. ತನ್ನ ಎರಡೂ ಕೈಯಲ್ಲಿ ನನ್ನ ತಲೆ ಮುಚ್ಚಿ, "ಅಲುಗಬೇಡ ಮಗಾ, ಅಲುಗಬೇಡ, ಇನ್ನೂ ಬರ್ತಾ ಇದೆ" ಅಂತ ಹೇಳುತ್ತಲೇ ಇದ್ದ. ಅವನ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಸ್ಟೇಷನ್ ಮಾಸ್ತರರು ಬಾವುಟ ಹಿಡಿದುಕೊಂಡು ನಮ್ಮನ್ನು ನೋಡುತ್ತ ತಮ್ಮ ಕೈಲಾದಷ್ಟು ಹೊತ್ತು ಕಾದರು. ಆಮೇಲೆ ಬಾವುಟ ಬೀಸಿದರು. ನನಗೆ ಆಡಲು ಒಂದು ಮಾತೂ ಸಿಗಲಿಲ್ಲ. ಬೇಕಾದರೆ ಅಜ್ಜಿಯನ್ನು ಕೇಳು, ಇಂಥದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಮನೆಗೆ ಬಂದ ಮೇಲೆ ಅಜ್ಜಿ, "ಸೋಮವಾರವೂ ರೈಲಿದೆ ಮಗಾ" ಅಂದಳು. "ಆಗಲ್ಲಮ್ಮ" ಅಂದ. ಆಮೇಲೆ ಊಟಕ್ಕೂ ಬರಲಿಲ್ಲ. ಇವತ್ತು ಬೆಳಗ್ಗೆಯಿಂದ ಖಾಲಿ ಕೋವಿಯ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತ ಕೂತಿದ್ದಾನೆ. ಎರಡನೇ ಸದ್ದು ಕೇಳದಿದ್ದಾಗ ನೋಡುತ್ತಾನಲ್ಲ, ಹಾಗೆ. ಒಳಗೆ ಏನೂ ಸಿಕ್ಕಿಕೊಂಡಿಲ್ಲ, ನಾನು ನೋಡಿದ್ದೇನೆ. ಇದ್ದಬದ್ದ ತೋಟಾಗಳನ್ನೆಲ್ಲ ರೈ ಧಾನ್ಯದ ಹಿಟ್ಟಿನ ಪೀಪಾಯಿಯ ತಳದಲ್ಲಿ ಬಚ್ಚಿಟ್ಟಿದ್ದೇನೆ. ಇದು ಚೇಷ್ಟೆಯಲ್ಲ ಅಮ್ಮಾ. ಅಜ್ಜಿಯೇ ಹೇಳಿದ್ದು.

ಆದ್ದರಿಂದ ಗುರುವಾರ ಬಾಗಿಲ ಕಡೆ ನೋಡುತ್ತ ಇರಬೇಡ. ಯಾರೂ ಬರುವುದಿಲ್ಲ. ಇದನ್ನು ಬೇರೆ ಹೇಗೆ ಬರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ. ನಾನು ಕಲಿತದ್ದೆಲ್ಲ ಸದ್ದು ಕಡಿಮೆ ಮಾಡುವುದು, ಜಾಸ್ತಿ ಮಾಡಲು ಹೋಗಿ ಹೀಗಾಯಿತು.

ಅಜ್ಜಿ ತಲೆ ಮೇಲೆ ಕೈಯಿಟ್ಟು ಹರಸಿದ್ದಾಳೆ, ಆ ಕೈ ಕಾಗದದಲ್ಲಿ ಬರುವುದಿಲ್ಲ ಅಂತ ಬೈಯುತ್ತಲೂ ಇದ್ದಾಳೆ. ನಾನು ಕೇಳಿದೆ ಅಂತ ಹೇಳು ಅಂತ ಹಸುವೂ ಹೇಳಿದೆ. ದೇವರು ನಿನ್ನ ಹಾಸಿಗೆ ಪಕ್ಕ ಕೂತಿರಲಿ, ಎದ್ದು ಹೋಗದಿರಲಿ.

ನಿನ್ನ ಹಂಗಾಮಿ ಮುಖ್ಯಸ್ಥೆ, ಇವತ್ತಿಗೆ ರಾಜೀನಾಮೆ ಕೊಟ್ಟವಳು,
ಇರ್ಯಾ

ತಾ. ಕ. — ಸೋಮವಾರ ಬೆಳಗ್ಗೆ, ಗಡಿಬಿಡಿಯಲ್ಲಿ. ರೈಲು ಬರುವ ಮುಂಚೆ ಈ ಕಾಗದ ಸ್ಟೇಷನ್ನಿಗೆ ಮುಟ್ಟಿಸಬೇಕು. ಅಮ್ಮಾ, ಅಪ್ಪ ಇಲ್ಲ. ಎದ್ದು ನೋಡಿದರೆ ಹಾಸಿಗೆ ಖಾಲಿ. ಓಡಿಹೋಗಿ ಹಿಟ್ಟಿನ ಪೀಪಾಯಿಗೆ ಕೈ ಹಾಕಿದೆ, ತೋಟಾಗಳೆಲ್ಲ ಇವೆ. ಕೋವಿ ಗೋಡೆಯ ಮೇಲಿದೆ. ಇಲ್ಲದಿರುವುದು ಸ್ಕೀ ಹಲಗೆಗಳು, ಒಂದು ದುಂಡು ರೈ ರೊಟ್ಟಿ, ಮದುವೆಯ ಕೋಟು, ನಿನ್ನ ಕಾಫಿಬೀಜ. ಹಲಗೆಯ ಗುರುತು ಹೆಪ್ಪುಗಟ್ಟಿದ ಸರೋವರ ದಾಟಿ ದಕ್ಷಿಣಕ್ಕೆ ಹೋಗಿದೆ. ನಿನ್ನ ಕಡೆಗೆ. ಆ ದಾರಿಯಲ್ಲಿ ರೈಲೂ ಇಲ್ಲ, ಊರೂ ಇಲ್ಲ. ದಕ್ಷಿಣದಲ್ಲಿ ಹಿಮಗಾಳಿ ಏಳುವ ಹಾಗೆ ಆಕಾಶ ಬೆಳ್ಳಗೆ ಕವಿದಿದೆ, ಅಜ್ಜಿ ಅದನ್ನೇ ನೋಡುತ್ತ ನಿಂತಿದ್ದಾಳೆ. ಎಷ್ಟು ಬೇಗ ಅಂದರೂ ಭಾನುವಾರಕ್ಕೆ ಮುಂಚೆ ಅವನಿಂದ ಮುಟ್ಟಲಾಗದು. ಗುರುವಾರ ಬೇಡ ಅಮ್ಮಾ! ಡಾಕ್ಟರ ಕಾಲು ಹಿಡಿ, ಜ್ವರ ಅಂತ ಸುಳ್ಳು ಹೇಳು, ಏನಾದರೂ ಮಾಡು, ಆಪರೇಷನ್ನು ಮುಂದಕ್ಕೆ ಹಾಕಿಸು. ಅವನು ಬಾಗಿಲಲ್ಲಿ ನಿನ್ನ ವಾರ್ಡು ಎಲ್ಲಿ ಅಂತ ಯಾರನ್ನೂ ಕೇಳುವವನಲ್ಲ, ನಿನಗೇ ಗೊತ್ತು. ದಿಂಬು ಆಚೆಗೆಸೆದು ಜೋರಾಗಿ ಕೆಮ್ಮು, ಇಡೀ ಆಸ್ಪತ್ರೆ ಏಳಲಿ, ಆ ಸದ್ದು ಹಿಡಿದು ಅವನು ಬರುತ್ತಾನೆ. ಹೊರಟದ್ದು ನಮಗೆ ಗೊತ್ತಾಗಿದೆ. ಮುಟ್ಟಿದ್ದನ್ನು ನೀನು ಬರೆಯಬೇಕು. ನಾನು ಇಲ್ಲಿ ಕೈ ಎತ್ತಿ ನಿಂತಿದ್ದೇನೆ.