ಬಾಟಲಿಗಳಲ್ಲಿ ಬರೀ ನೀರು

ಬೆಟಗೇರಿ
ಜೂನ್ ೩, ಮಂಗಳವಾರ

ವಿಶ್ರುತನಿಗೆ,

ಪ್ರೀತಿಯ ಅಂತ ಬರೆಯಲಿಕ್ಕೆ ಕೈ ಏಳಲಿಲ್ಲ. ನಮಸ್ಕಾರ ಅಂತ ಬರೆದು ಓದಿದರೆ ಬ್ಯಾಂಕಿನ ಮ್ಯಾನೇಜರಿಗೆ ಅರ್ಜಿ ಹಾಕಿದ ಹಾಗೆ ಕಂಡಿತು, ಹೊಡೆದುಹಾಕಿದೆ. ಬರೀ ಹೆಸರೇ ಇರಲಿ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ನಾನು ಫೋನು ಹಿಡಿದರೆ ಸಾಕು, ಅತ್ತೆ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂತುಬಿಡುತ್ತಾರೆ. "ಸ್ಪೀಕರಿಗೆ ಹಾಕವಾ, ಅವನ ದನಿ ನಾನೂ ಕೇಳ್ತೀನಿ" ಅನ್ನುತ್ತಾರೆ. ಇದು ಅವರ ಕಿವಿಗೆ ಬೀಳುವ ಸುದ್ದಿಯಲ್ಲ. ಅದೂ ಅಲ್ಲದೆ, ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಅನ್ನುತ್ತೀ. ಆ ಹೂಂ ಕೇಳಿದರೆ ನನಗೆ ಮೈ ಉರಿಯುತ್ತದೆ.

ಸುದ್ದಿ ಇಷ್ಟೇ. ಗಂಡು ಹಾಳಾಯಿತು.

ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ನಮಗೆ ಸಿಕ್ಕ, ಇನ್ನೂ ಯಾರೂ ಹೆಸರಿಡದ ಆ ಮರಳು ಬಣ್ಣದ ಜೇಡಗಳಲ್ಲಿ ಗಂಡು ಅಂತ ಇದ್ದದ್ದು ಅದೊಂದೇ. ಹೆಣ್ಣಿದ್ದವು, ಮರಿಗಳಿದ್ದವು. ಮರಿ ನೋಡಿ ಯಾವ ಜೇಡ ಅಂತ ಹೇಳಲಿಕ್ಕೆ ಬ್ರಹ್ಮನಿಗೂ ಆಗುವುದಿಲ್ಲ, ಬೆಳೆದ ಗಂಡಿನ ಬಾಯಿ ಪಕ್ಕದ ಪುಟ್ಟ ಮುಂಗೈ ನೋಡಿಯೇ ಗುರುತು ಹಿಡಿಯಬೇಕು ಅಂತ ನನಗೆ ಕಲಿಸಿದವನು ನೀನು. ಆ ಗಂಡನ್ನು ಟಪಾಲಿಗೆ ಹಾಕಬೇಡ, ದಾರಿಯಲ್ಲಿ ಒಡೆದುಹೋದರೆ ಮುಗಿಯಿತು, ಕಾರಹುಣ್ಣಿಮೆ ಹೊತ್ತಿಗೆ ನಾನೇ ಬಂದು ಚಿತ್ರ ಬರೆದುಕೊಂಡು ಹೋಗುತ್ತೇನೆ ಅಂತ ನೀನು ಅಂದಿದ್ದೆ. ಮೂರು ವರ್ಷದಿಂದ ಶಿಲ್ಲಾಂಗಿನಲ್ಲಿ ಕೂತವನು ಇತ್ತ ತಲೆ ಹಾಕಲಿಕ್ಕೆ ಒಪ್ಪಿದ್ದು ಆ ಜೇಡದ ಸಲುವಾಗಿ. ಈಗ ಅದಿಲ್ಲ.

ಏನಾಯಿತು ಅಂತ ಹೇಳುತ್ತೇನೆ. ಓದುವಾಗ ಎದ್ದು ಕೂಗಾಡಬೇಡ.

ಹೋದ ತಿಂಗಳು ಮಾವನವರ ಶ್ರಾದ್ಧ ಇತ್ತು. ನೀನಿಲ್ಲದ್ದಕ್ಕೆ ನಿನ್ನ ಕಾಕಾನ ಮಗ ಬಂದು ಕೂತ. ಹಿಂದಿನ ದಿನ ನನಗೆ ಕಾಲೇಜಿನಲ್ಲಿ ಪರೀಕ್ಷೆ ಕೆಲಸ. ಅತ್ತೆ ಒಬ್ಬರೇ ಮನೆ ಸಾರಿಸಿ ತೊಳೆದು, ನಿನ್ನ ಕೋಣೆಗೂ ಕೈ ಹಾಕಿದ್ದಾರೆ. ಕಪಾಟು ತೆಗೆದಾಗ ಹುಳ ಇಟ್ಟ ಒಂದು ಬಾಟಲಿಯ ಮುಚ್ಚಳ ಸಡಿಲವಿತ್ತೋ ಏನೋ, ಕೊಳೆಯದಿರಲಿ ಅಂತ ನಾವು ತುಂಬಿದ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆದಿದೆ. ಅವರಿಗೆ ಅದು ಸಾರಾಯಿ. ಬೆಳಗಾದರೆ ಮಾವನವರ ಎಡೆ ಇಡಬೇಕು, ಮಗನ ಕಪಾಟಿನ ತುಂಬ ಸಾರಾಯಿ. ಮುಂದೆ ಆಗಿದ್ದನ್ನು ನೀನೇ ಊಹಿಸಬಹುದು. ಒಂದೊಂದೇ ಬಾಟಲಿ ಬಗ್ಗಿಸಿ ಹಿತ್ತಲಿನ ಮೋರಿಗೆ ಚೆಲ್ಲಿ, ತೊಳೆದು, ಸೋಸಿದ ನೀರು ತುಂಬಿ ಇಟ್ಟಿದ್ದಾರೆ. ಹುಳ ಒಂದೂ ಚೆಲ್ಲಿಲ್ಲ. ಚಹಾ ಸೋಸುವ ಜರಡಿ ಹಿಡಿದು ಎಲ್ಲವನ್ನೂ ಜ್ವಾಕಿಯಿಂದ ವಾಪಸು ಹಾಕಿದ್ದಾರೆ. ಮಗನ ಸಾಮಾನು, ಕೆಡಬಾರದಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಊರು, ತಾರೀಖು ಪೆನ್ಸಿಲಿನಲ್ಲಿ ಬರೆದು ಒಳಗೆ ಹಾಕಿದ ಚೀಟಿಗಳು ತೊಯ್ದಿವೆ ಅಂತ ತೆಗೆದು ಮಾಳಿಗೆ ಮೇಲೆ ಒಣಗಿಸಿ, ಆಮೇಲೆ ತಮಗೆ ತೋಚಿದ ಹಾಗೆ ಬಾಟಲಿಗೊಂದು ಅಂಟಿಸಿದ್ದಾರೆ. ಹೊಳೆ ಇಟಗಿಯ ಹುಲಿಜೀರುಂಡೆ ಈಗ ಲಕ್ಷ್ಮೇಶ್ವರದ ಕೆರೆಯದ್ದಾಗಿದೆ. ಯಾವುದು ಎಲ್ಲಿಯದು ಅಂತ ತಿಳಿಯದ ಮೇಲೆ ಅದು ಬರೀ ಸತ್ತ ಹುಳ.

ನನಗೆ ಗೊತ್ತಾದದ್ದು ವಾಸನೆ ಬಂದ ಮೇಲೆ. ಕಪಾಟು ತೆಗೆದು ನಿಂತೆ. ನೀರು ಬೆಳ್ಳಗೆ ಕದಡಿತ್ತು. ಗಂಡಿನ ಬಾಟಲಿ ಬೆಳಕಿಗೆ ಹಿಡಿದರೆ ಕಾಲು ಒಂದು ಕಡೆ, ಮೈ ಒಂದು ಕಡೆ. ಮುಂಗೈ ಕೊಳೆತು ಹತ್ತಿಯಂತಾಗಿತ್ತು. ಸೂಕ್ಷ್ಮದರ್ಶಕದ ಕೆಳಗೂ ಇಟ್ಟು ನೋಡಿದೆ. ಏನೂ ಉಳಿದಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಿನ್ನ ತಾಯಿ ಬಾಗಿಲಲ್ಲಿ ಬಂದು ನಿಂತು, "ಯಾಕವಾ, ವಾಸನಿ ಬಂತೇನು? ತಡಿ, ನೀರು ಬದಲಿ ಮಾಡಿ ಕೊಡ್ತೀನಿ" ಅಂದರು. ಅವರಿಗೆ ಏನಂತ ಬಯ್ಯಲಿ ಹೇಳು.

ಸಮಾಧಾನ ತಂದುಕೊಂಡು ಒಂದು ಮಾತು ಕೇಳಿದೆ, ಇವು ನಿಮ್ಮ ಮಗನ ಕೆಲಸದ ಹುಳ ಅಂತ ನಿಮಗೆ ಗೊತ್ತಿರಲಿಲ್ಲೇನು ಅಂತ. ಅದಕ್ಕೆ ಅವರು, "ಗೊತ್ತದ. ಅದಕ್ಕs ಒಂದೂ ಒಗೀಲಿಲ್ಲ. ಆದ್ರ ಸಾರಾಯಿ ಇದ್ದ ಮನ್ಯಾಗ ಅವರಪ್ಪ ಹೊಸ್ತಿಲಾ ತುಳೀತಾರೇನು? ಮಗಾ ಅಂತೂ ಬರಲಿಲ್ಲ, ಅಪ್ಪನರೆ ಬರಬೇಕಲ್ಲ" ಅಂದರು. ಆ ಜೇಡಕ್ಕೆ ಅಮ್ಮನ ಹೆಸರೇ ಇಡೋಣ ಅಂತ ನೀನು ಒಮ್ಮೆ ಅಂದಿದ್ದೆಯಲ್ಲ, ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ನೀನೂ ಹೇಳಬೇಡ. ತಾವು ಮಾಡಿದ್ದು ಏನು ಅಂತ ತಿಳಿದರೆ ಆ ಜೀವ ಅನ್ನ ಬಿಡುತ್ತದೆ.

ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು. ಅಥವಾ ನಿನ್ನ ಮೇಲೇ ಮಾಡಿಕೊ. ಗಂಡು ಮೂರು ವರ್ಷ ಕಪಾಟಿನಲ್ಲಿತ್ತು, ಬಂದು ನೋಡಲಿಕ್ಕೆ ನಿನಗೆ ಪುರಸೊತ್ತು ಆಗಲಿಲ್ಲ.

ಒಂದು ಆಸೆ ಉಳಿದಿತ್ತು. ಹೊಳೆಗೆ ಹೋಗಿ ಇನ್ನೊಂದು ಗಂಡು ಹುಡುಕುವುದು. ಮಳೆಗಾಲ ಹತ್ತಿರ ಬಂದಿದೆ, ನೀರು ಏರಿದರೆ ಮರಳು ಮುಳುಗುತ್ತದೆ ಅಂತ ಹೋದ ಭಾನುವಾರವೇ ಹೊರಟೆ. ಗದಗಿನಿಂದ ಮುಂಡರಗಿ ಬಸ್ಸು, ಅಲ್ಲಿಂದ ಟಂಟಂ. ಸೇತುವೆ ಹತ್ತಿರದ ಚಹಾದಂಗಡಿಯ ಯಮನೂರಸಾಬ ನೆನಪಿದ್ದಾನಲ್ಲ? ನಾವು ಮದುವೆಯಾದ ಹೊಸದರಲ್ಲಿ ಅಲ್ಲಿ ಕೊಡೆ ಬಿಚ್ಚಿ ತಲೆಕೆಳಗೆ ಹಿಡಿದು, ಮೇಲಿನ ಗಿಡ ಬಡಿದು, ಕೊಡೆಯಲ್ಲಿ ಬಿದ್ದ ಹುಳ ನೋಡುತ್ತಿದ್ದರೆ, ಉರಿ ಬಿಸಿಲಿನಲ್ಲಿ ಕೊಡೆ ಹಿಡಿಯುವ ರೀತಿ ಗೊತ್ತಿಲ್ಲದ ಗಂಡ ಹೆಂಡತಿ ಅಂತ ಊರಿಗೆಲ್ಲ ಹೇಳಿ ನಗಿಸಿದ್ದ. ಆಗ ನೀನು ಒಂದೊಂದು ಹುಳ ಎತ್ತಿ ನನ್ನ ಅಂಗೈ ಮೇಲೆ ಬಿಟ್ಟು, ಹೇಳು ಇದು ಯಾವುದು ಅನ್ನುತ್ತಿದ್ದೆ. ತಪ್ಪು ಹೇಳಿದರೆ ಬೇಕಂತಲೇ ಇನ್ನೊಮ್ಮೆ ಕೇಳುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ, ಇದನ್ನು ಬರೆಯಲಿಕ್ಕೆ ನನಗೇನೂ ನಾಚಿಕೆಯಿಲ್ಲ.

ಸಾಬ ಈಗ ಮುದುಕನಾಗಿದ್ದಾನೆ. "ಜ್ಯಾಡ ಹುಡುಕಾಕ ಗದಗಿನಿಂದ ಬಂದೀರೇನ್ರಿ ಅಕ್ಕಾರ? ನಮ್ಮ ಮನ್ಯಾಗ ಬೇಕಾದಷ್ಟು ಅದಾವ, ಒಯ್ರಿ" ಅಂದ. ಆಮೇಲೆ ಸಣ್ಣ ದನಿಯಲ್ಲಿ, "ಸಾಹೇಬ್ರು ಬಂದಿಲ್ಲೇನ್ರಿ?" ಅಂದ. ಬರುತ್ತಾರೆ ಅಂದೆ. "ಹೊಳಿ ನೋಡಿ ಗಾಬರಿ ಆಗಬ್ಯಾಡ್ರಿ ಮತ್ತ. ಮೊದಲಿನಂಗ ಇಲ್ಲದು" ಅಂತ ತಾನೇ ನನ್ನ ಜೊತೆ ದಂಡೆಗೆ ಇಳಿದ.

ಇಲ್ಲ, ಮೊದಲಿನ ಹಾಗಿಲ್ಲ. ನಾವು ಗೂಡು ಗುರುತು ಮಾಡಿದ ಆ ದಿಬ್ಬವೇ ಇಲ್ಲ, ವಿಶ್ರುತ. ಯಾರೋ ಮರಳು ಎತ್ತಿಕೊಂಡು ಹೋಗಿದ್ದಾರೆ. ಆಳೆತ್ತರದ ಗುಂಡಿಗಳು, ಅವುಗಳಲ್ಲಿ ಹಸಿರು ನೀರು. ನೀರಿನ ಮೇಲೆ ಒಂದೆರಡು ಕೊಡತಿಹುಳ ಹಾರುತ್ತಿದ್ದವು, ಎಲ್ಲ ಚರಂಡಿಯ ಮೇಲೂ ಕಾಣುವಂಥವು. ಮೊದಲು ಅಲ್ಲಿ ಕೆಂಪು, ನೀಲಿ, ಹಳದಿ ಅಂತ ಎಷ್ಟು ಜಾತಿ ಇದ್ದವು. ದಂಡೆಯಲ್ಲಿ ಬಲೆ ಕಟ್ಟುವ ಜೇಡಗಳೂ ಇಲ್ಲ, ಬಲೆ ಕಟ್ಟಲಿಕ್ಕೆ ಹುಲ್ಲು ಬೇಕಲ್ಲ. ಲೆಕ್ಕಿ ಗಿಡಗಳಿದ್ದ ಕಡೆ ಮಾತ್ರ ಒಂದು ಜಮಖಾನೆಯಷ್ಟು ಅಗಲದ ಮರಳು ಉಳಿದಿದೆ. ಅಲ್ಲಿ ಬಗ್ಗಿ, ಮೊಣಕಾಲೂರಿ, ಬಿಸಿಲು ಇಳಿಯುವ ತನಕ ಹುಡುಕಿದೆ. ಸಾಬ ಬೇಸತ್ತು ಅಂಗಡಿಗೆ ಹೋದ.

ಏನೂ ಸಿಗಲಿಲ್ಲ. ಬರಿಗೈಲಿ ವಾಪಸು ಬಂದೆ.

ಹಾಗಾಗಿ ರಜೆ ಹಾಳು ಮಾಡಿಕೊಂಡು ಬರುವುದು ಬೇಡ. ಇಲ್ಲಿ ಚಿತ್ರ ಬರೆಯುವಂಥದ್ದು ಏನೂ ಉಳಿದಿಲ್ಲ. ಹೆಣ್ಣುಗಳೂ ಹೋದವು, ಮರಿಗಳೂ ಹೋದವು. ಮುಂದಿನ ಬೇಸಿಗೆಗೆ ಸಿಕ್ಕೀತು ಅಂತ ಸುಳ್ಳು ಧೈರ್ಯ ಹೇಳಲಿಕ್ಕೆ ನನ್ನಿಂದಾಗದು. ಆ ಜೇಡಕ್ಕೆ ಹೆಸರು ಇಡುವುದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಈಗ.

ಅತ್ತೆ ಚೆನ್ನಾಗಿದ್ದಾರೆ. ನೀನು ಬರುತ್ತೀ ಅಂತ ಮೆಂತ್ಯೆಹಿಟ್ಟು ಮಾಡಿಟ್ಟು, ನನಗೆ ಮುಟ್ಟಲಿಕ್ಕೂ ಬಿಟ್ಟಿಲ್ಲ. ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿ ತಂದಿದ್ದಾರೆ. ಅಲ್ಲಿ ಚಳಿ ಭಾಳ ಅನ್ನುತ್ತಾರೆ, ಮೈ ಕಡೆ ನೋಡಿಕೊ.

ಇಂತಿ,
ಅಪೇಕ್ಷಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಏನೂ ಸಿಗಲಿಲ್ಲ ಅಂತ ಮೇಲೆ ಬರೆದದ್ದು ಖರೆ ಅಲ್ಲ. ಸಿಕ್ಕಿತ್ತು. ಬೆಳೆದ ಗಂಡು, ಕಾಲು ಒಂದೂ ಮುರಿದಿರಲಿಲ್ಲ. ಬಾಟಲಿಯೊಳಗೆ ಹಿಡಿದು ಮುಚ್ಚಳವನ್ನೂ ಹಾಕಿದ್ದೆ. ಸ್ಪಿರಿಟ್ ಸುರಿದಿದ್ದರೆ ನೀನು ಮುಂದಿನ ವಾರ ಈ ಮನೆಯಲ್ಲಿರುತ್ತಿದ್ದೆ, ಕೋಣೆಯ ಬಾಗಿಲು ಹಾಕಿಕೊಂಡು ಚಿತ್ರ ಬರೆಯುತ್ತಿದ್ದೆ, ಬರೆದು ಮುಗಿಸಿ ಹೋಗುತ್ತಿದ್ದೆ. ನೀನು ಹೋಗುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ಮುಚ್ಚಳ ತೆಗೆದು ಮರಳಿಗೆ ಬಿಟ್ಟೆ. ಮಳೆ ಬಿದ್ದರೆ ಆ ಮರಳೂ ಉಳಿಯುವುದಿಲ್ಲ, ಅದೂ ಉಳಿಯುವುದಿಲ್ಲ, ಗೊತ್ತಿದ್ದೇ ಬಿಟ್ಟೆ. ಈಗ ಇಲ್ಲಿ ನೋಡಲಿಕ್ಕೆ ನಾವಿಬ್ಬರೇ ಇದ್ದೇವೆ, ನಿನ್ನ ತಾಯಿ ಮತ್ತು ನಾನು. ಅಷ್ಟಕ್ಕೇ ನೀನು ಬರುವುದಿಲ್ಲ ಅಂತ ನನಗೆ ತಿಳಿದಿದೆ. ಅತ್ತೆಗೆ ಏನು ಹೇಳಲಿ ಅನ್ನುವುದೊಂದೇ ತಿಳಿಯುತ್ತಿಲ್ಲ.