ಓಢಣಿಯ ಕೆಳಗೆ ಎರಡು ಬೆರಳು

ವಿಮಾನ ನಗರ, ಪುಣೆ
ಗುರುವಾರ

ತಂಗಿ ಚನ್ನಬಸವ್ವನಿಗೆ ಅಣ್ಣ ಗೂಳಪ್ಪನ ಆಶೀರ್ವಾದ.

ನಿನ್ನ ಮಗಳು ಶಿವಾನಿಯ ಫೈನಾನ್ಸ್ ಡಿಗ್ರಿ ಬಿಡಿಸಿ, ಕರೆತಂದು ನನ್ನ ಮಗನಿಗೆ ಮದುವೆ ಮಾಡಬೇಕೆಂದೇ ಇಲ್ಲಿಗೆ ಬಂದೆ. ನಿನ್ನೆ ನೇರ ಅವಳ ಕ್ಲಾಸಿಗೆ ಹೋದೆ. ಹೆಗಲ ಮೇಲಿನ ಓಢಣಿಯ ಕೆಳಗೆ ಮೇಡಮ್ಮರ ಕೈ ಹಿಡಿದು ನಿಂತಿದ್ದಳು. ದನದ ಸಂತೆಯಲ್ಲಿ ನಾವು ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತೇವಲ್ಲ, ಅದನ್ನು ಕಲಿಸುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕಸುಬನ್ನು ಅರವತ್ತು ಹುಡುಗರು ಬರೆದುಕೊಳ್ಳುತ್ತಿದ್ದರು.

ಹೊರಗೆ ಬಂದಾಗ, “ಗಂಟು ಕಟ್ಟು, ನಡಿ ಊರಿಗೆ,” ಎಂದೆ.

“ಮಾಮಾ, ಮೊದಲ ಕೈ ಕೊಡ್ರಿ.”

ಓಢಣಿಯ ಕೆಳಗೆ ನನ್ನ ಎರಡು ಬೆರಳು ಹಿಡಿದಳು. ಡಿಗ್ರಿ ಮುಗಿಯಲು ಇನ್ನೆರಡು ವರ್ಷವಿದೆ. ಒಂದು ವರ್ಷ ಸಾಕೆಂದು ನಾನು ಅವಳ ಒಂದೇ ಬೆರಳು ಹಿಡಿದೆ. “ಆಗಂಗಿಲ್ರಿ,” ಎಂದು ಮತ್ತೆ ಎರಡನ್ನೂ ಗಟ್ಟಿಯಾಗಿ ಹಿಡಿದಳು. ಕೈ ಕೊಸರಿಕೊಳ್ಳಲು ನನ್ನಿಂದ ಆಗಲಿಲ್ಲ. ಹೂಂ ಎಂದೆ.

ಟವೆಲ್ ಕೆಳಗೆ ಕುದುರಿದ ಮಾತನ್ನು ನಾನು ಎಂದೂ ಮುರಿದವನಲ್ಲ. ಎರಡು ವರ್ಷ ಮದುವೆಯ ಸುದ್ದಿ ಎತ್ತಬೇಡ. ಆಮೇಲೂ ಅವಳನ್ನೇ ಕೇಳು. ನನ್ನ ಮಗನಿಗೆ ನಾನೇ ಹೇಳುತ್ತೇನೆ.

ಮೊಣಕಾಲು ಬಾತಿದೆ, ಎಣ್ಣೆ ಕಾಯಿಸಿಡು. ಕಾರ್ಡು ತುಂಬಿತು. ಸೋಮವಾರ ಒಬ್ಬನೇ ಬರುತ್ತೇನೆ.