ಅಪ್ಪನ ಹಾಡಿನ ನಡುವೆ ನನ್ನ ದನಿ

ರಾಮನಗರ
೧೪ ಜೂನ್ ೨೦೦೯, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಬೆನ್ನುನೋವು ಈಗ ಹೇಗಿದೆ? ಬಳ್ಳಾರಿಯ ಆ ಸೆಕೆಯಲ್ಲಿ ಇಡೀ ದಿನ ನಿಂತುಕೊಂಡು ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳಬೇಡ, ಒಂದು ಸ್ಟೂಲು ಹಾಕಿಸಿಕೋ. ಅಪ್ಪನ ಕೆಮ್ಮು ಇಳಿದಿದೆ. ನಿಮ್ಮ ಭಾವನಿಗೆ ಬಿಡದಿ ಫ್ಯಾಕ್ಟರಿಯಲ್ಲಿ ಈ ತಿಂಗಳೂ ಸೆಕೆಂಡ್ ಶಿಫ್ಟು, ಹಾಗಾಗಿ ಸಂಜೆಯೆಲ್ಲ ಮನೆಯಲ್ಲಿ ನಾನೂ ಅಪ್ಪನೂ ಇಬ್ಬರೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಪ್ಪ ಪಕ್ಕದಲ್ಲೇ ಕೂತು ‘ನಂಗೊಸಿ ಕೊಡು’ ಎಂದು ಕೈ ಚಾಚುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಬಂದಾಗ ನೀನು ಟೀವಿಯ ಮೇಲಿನ ಗೂಡಿನಲ್ಲಿ ಅಂಗೈ ಅಗಲದ ಒಂದು ಬೋರ್ಡು ಇಟ್ಟು, ‘ಅಕ್ಕ, ಇದು ಪುಟ್ಟ ಕಂಪ್ಯೂಟರ್ರು, ನಮ್ಮನೆ ಸರ್ವರ್ರು, ಯಾವತ್ತೂ ಆಫ್ ಮಾಡ್ಬ್ಯಾಡ’ ಎಂದೆಯಲ್ಲ. ನನಗೆ ಗೊತ್ತಿದ್ದ ಸರ್ವರ್ ಹೋಟೆಲಿನಲ್ಲಿ ಇಡ್ಲಿ ತಂದಿಡುವವನು. ಈ ಮನೆಯಲ್ಲಿ ಆ ಕೆಲಸ ನನ್ನದೇ ಎಂದುಕೊಂಡು ನಕ್ಕಿದ್ದೆ. ಅಪ್ಪ ಕೂಟಗಲ್‌ನಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರಾಗಿದ್ದಾಗಿನ ಕ್ಯಾಸೆಟ್ಟುಗಳನ್ನೆಲ್ಲ ನೀನು ಅದಕ್ಕೆ ತುಂಬಿಸಿದೆ. ಹಳೇ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಅಪ್ಪ ಹೊಸದಾಗಿ ಹಾಡಿದ್ದೂ ಅದರೊಳಗೆ ಹೋಗಿ ಕೂರುವಂತೆ ಮಾಡಿದೆ. ಬಳ್ಳಾರಿಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ನೀನು ಕೇಳುತ್ತೀಯ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅಂದಿನಿಂದ ಮನೆಗೆ ಯಾರು ಬಂದರೂ ಅಪ್ಪನದು ಒಂದೇ ಮಾತು: ‘ಕಿರಿಮಗ್ಳು ಮಾಡ್ಕೊಟ್ಟವ್ಳೆ ಕಣಪ್ಪಾ. ಅಷ್ಟು ದೂರ್‍ದಲ್ಲಿ ಕುಂತ್ಕಂಡು ನನ್ ಹಾಡು ಕೇಳ್ತಾಳೆ.’ ಅವರಿಗೆ ಬಿಸಿನೀರು ಕಾಯಿಸುವವಳು, ಮಾತ್ರೆ ಬಿಡಿಸಿ ಕೊಡುವವಳು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಾಳೆ. ಪ್ರತಿ ಹಾಡಿಗೂ ಮುಂಚೆ ಮೈಕಿನ ಹತ್ತಿರ ಬಾಗಿ ‘ಇದು ನನ್ ಪುಟ್ಟಿಗೆ’ ಎನ್ನುತ್ತಾರೆ. ಗುಂಡಿ ಒತ್ತುವವಳು ನಾನು. ನನಗಾಗಿ ಒಂದು ಹಾಡಿ ಎಂದು ಒಮ್ಮೆ ಬಾಯಿಬಿಟ್ಟು ಕೇಳಿದೆ. ‘ನೀನು ದಿನಾ ಕೇಳಾಕಿಲ್ವಾ?’ ಎಂದರು. ಹೊಟ್ಟೆ ಉರಿಯಿತು, ಪುಟ್ಟಿ. ನನ್ನ ವಯಸ್ಸಿಗೆ ಇದು ಒಪ್ಪುವ ಮಾತಲ್ಲ, ಆದರೂ ಉರಿಯಿತು.

ಏಪ್ರಿಲ್‌ನಲ್ಲಿ ಕರೆಂಟು ಹೋಗಿ ಬಂದ ಮೇಲೆ ಆ ಬೋರ್ಡು ಏಳಲೇ ಇಲ್ಲ. ನೀನು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ, ನಾನು ಬೆವರುತ್ತ ಒತ್ತಿದೆ, ಕೊನೆಗೆ ದೀಪ ಮಿಣುಕಿತು. ಅಪ್ಪ ಕೈಮುಗಿದದ್ದು ಫೋನಿಗೆ.

ಈಗ ಕೇಳು. ಅಪ್ಪ ಹಾಡುತ್ತ ಹಾಡುತ್ತ ಪದ ಮರೆಯುತ್ತಾರೆ. ಎರಡನೇ ಅಂಕದ ರಾಜನ ಗೋಳಾಟದ ಹಾಡಿದೆಯಲ್ಲ, ಅದರಲ್ಲಿ ಮೂರು ಕಡೆ ನಿಂತುಬಿಟ್ಟರು. ಅಪ್ಪ ಊರವರಿಗೆ ನಾಟಕ ಕಲಿಸುವಾಗ ನಾನು ಒಳಗೆ ರಾಗಿ ಕೇರುತ್ತ ಎಲ್ಲವನ್ನೂ ಕೇಳಿದವಳು. ಅಡುಗೆಮನೆಯಿಂದಲೇ ಸಾಲು ಎತ್ತಿಕೊಟ್ಟೆ. ಅವರು ಹಿಡಿದುಕೊಂಡು ಮುಂದೆ ಹೋದರು. ಆ ಹಾಡಿನಲ್ಲಿ ನಾನೂ ಇದ್ದೇನೆ ಎಂದು ಒಳಗೊಳಗೇ ಹಿಗ್ಗಿದ್ದೆ. ಆಮೇಲೆ ನೀನು ಫೋನ್ ಮಾಡಿ, ‘ಅಕ್ಕ, ಪಾತ್ರೆ ಸದ್ದು, ಮಧ್ಯದ ಮಾತು ಎಲ್ಲಾ ತೆಗ್ದು ಕ್ಲೀನ್ ಮಾಡಿವ್ನಿ’ ಎಂದೆ. ಯಾವ ಮಾತು ಎಂದು ನಾನು ಕೇಳಲಿಲ್ಲ.

ಮೊನ್ನೆ ಶುಕ್ರವಾರ ಅಪ್ಪನ ಜೊತೆ ತಬಲಾ ನುಡಿಸುತ್ತಿದ್ದ ರಾಮಲಿಂಗಯ್ಯನವರು ಬಂದಿದ್ದರು. ಅವರಿಗೆ ಆ ಹಾಡು ಹಾಕಿದೆ. ಅಪ್ಪ ಎಲ್ಲೂ ನಿಲ್ಲದೆ ಹಾಡುತ್ತಿದ್ದಾರೆ, ನನ್ನ ದನಿಯೇ ಇಲ್ಲ. ನಾನು ಎದ್ದು ಒಳಗೆ ಹೊರಟೆ. ಅಪ್ಪ ಕೈ ಎತ್ತಿ ನಿಲ್ಲಿಸಿದರು. ‘ಇಲ್ಲಿ ನೀನು ಎತ್ಕೊಟ್ಟಿದ್ಯಲ್ಲಮ್ಮಿ, ಅದೆಲ್ಲೋಯ್ತು?’ ‘ಸದ್ದು ಅಂತ ಪುಟ್ಟಿ ತೆಗ್ದವ್ಳೆ’ ಎಂದೆ. ಹಾಡು ನಿಲ್ಲಿಸುವಂತೆ ಅಪ್ಪ ಸನ್ನೆ ಮಾಡಿದರು. ಆಮೇಲೆ, ‘ಮರ್‍ತಿದ್ದು ನಾನು, ನೆಪ್ಪು ಮಡಿಕಂಡಿರೋಳು ನೀನು. ಅದ್ನ ಕಿತ್ತಾಕಿದ್ರೆ ನನ್ ಹಾಡು ಹೆಂಗಾಯ್ತದೆ? ಮೈಕ್ ಮಡುಗು, ನೀನೂ ಬಾ ಇಲ್ಲಿ’ ಎಂದರು. ರಾಮಲಿಂಗಯ್ಯನವರು ಟೀಪಾಯಿಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಅಪ್ಪ ಈ ಸಲ ನಿನ್ನ ಹೆಸರು ಎತ್ತಲಿಲ್ಲ. ಕಂಪನಿ ನಾಟಕದವರಂತೆ ಗಂಟಲು ಸರಿಮಾಡಿಕೊಂಡು, ‘ಹನುಮಂತಯ್ಯ, ಅವನ ಹಿರಿಮಗಳು ಸರಸಮ್ಮ’ ಎಂದು ಸಾರಿದರು. ಇಬ್ಬರೂ ಹಾಡಿದೆವು. ನನ್ನ ಶ್ರುತಿ ಅಲ್ಲಲ್ಲಿ ಜಾರಿದೆ.

ಅದನ್ನು ಬೇರೆ ಫೋಲ್ಡರಿನಲ್ಲಿಟ್ಟು, ನೀನು ಕೇಳಬಹುದು, ಆದರೆ ಕತ್ತರಿಸಲು ಅಳಿಸಲು ಆಗದ ಹಾಗೆ ಮಾಡಿದ್ದೇನೆ. ಪಾಸ್‌ವರ್ಡನ್ನೂ ಬದಲಾಯಿಸಿದೆ. ನೀನು ಏಪ್ರಿಲ್‌ನಲ್ಲಿ ಕಲಿಸಿದ್ದೇ ಕೆಲಸಕ್ಕೆ ಬಂತು. ಹೊಟ್ಟೆಕಿಚ್ಚೆಲ್ಲ ಆರಿತು ಎಂದರೆ ಸುಳ್ಳಾಗುತ್ತದೆ. ಕೋಪ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಪರವಾಗಿಲ್ಲ.

ಮಕ್ಕಳ ಕೆನ್ನೆ ಸವರಿದ್ದೇನೆಂದು ಹೇಳು. ನಿನ್ನ ಯಜಮಾನರಿಗೆ ನಮ್ಮೆಲ್ಲರ ನಮಸ್ಕಾರ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಸರಸ

ಮರೆತಿದ್ದೆ: ದಸರಾ ರಜೆಯವರೆಗೆ ಕಾಯಬೇಡ, ಈ ತಿಂಗಳೇ ಹೊರಟು ಬಾ. ಅಪ್ಪ ಮರೆಯುತ್ತಿರುವುದು ಬರೀ ಹಾಡನ್ನಲ್ಲ. ನಿನ್ನೆ ಊಟ ಬಡಿಸುವಾಗ ನನ್ನ ಮುಖ ನೋಡಿ, ‘ಪುಟ್ಟಿ, ಯಾವಾಗ್ ಬಂದೆ ಮಗ?’ ಎಂದರು. ‘ಈಗ್ಲೇ ಕಣಪ್ಪಾ’ ಎಂದೆ.